ಹಂಡೆ ಊದುವವರ ಹಟ

ಮದುವೆ ಬ್ಯಾಂಡಿನಲ್ಲಿ ಬೇಸ್ ಊದುವವನು ನಗೆಪಾಟಲಿನ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಅವನ ಮನೆ ಎಲ್ಲಿ ಅಂತ ಕೇಳಿಕೊಂಡು ಬರುತ್ತವೆ. ಐವತ್ತರ ದಶಕದಿಂದ ಅರವತ್ತರ ದಶಕ ಮುಗಿಯುವವರೆಗೆ ಹಾಸನದ ಒಂದು ಬ್ಯಾಂಡ್ ಸೆಟ್ಟಿನಲ್ಲಿ ಊದಿದವನು ನಾನು, ಆದ್ದರಿಂದ ಅನುಭವದ ಮೇಲೆಯೇ ಹೇಳುತ್ತಿದ್ದೇನೆ. ಬೇಸ್ ಎಂದರೆ ಹಿಂದಿನ ಸಾಲಿನಲ್ಲಿ, ಹೆಗಲ ಮೇಲೆ ಹಿತ್ತಾಳೆಯ ದೊಡ್ಡ ಬಾಯಿ ತೆರೆದುಕೊಂಡು, 'ಬೊಂ... ಬೊಂ...' ಎನ್ನುತ್ತಾ ಬರುತ್ತದಲ್ಲ, ಅದು. ಹಾಡು ನುಡಿಸುವುದು ಕ್ಲಾರಿಯೋನೆಟ್ಟು, ಮೆರೆಯುವುದು ಟ್ರಂಪೆಟ್ಟು. ನಾವು ನೆಲ. ನೆಲವನ್ನು ಯಾರು ನೋಡುತ್ತಾರೆ? ಎಡವಿ ಬಿದ್ದಾಗ ಮಾತ್ರ ನೋಡುತ್ತಾರೆ.

ಜನ ಅದಕ್ಕೆ ಬೇಸ್ ಎನ್ನುತ್ತಿರಲಿಲ್ಲ, ಹಂಡೆ ಎನ್ನುತ್ತಿದ್ದರು. ನಮ್ಮ ಬ್ಯಾಂಡಿನ ಯಜಮಾನರೂ ಹಾಗೇ ಎನ್ನುತ್ತಿದ್ದರು. ಅವರನ್ನು ನಾವೆಲ್ಲ ಮಾಸ್ಟ್ರು ಎಂದು ಕರೆಯುತ್ತಿದ್ದೆವು, ಅವರದು ಕ್ಲಾರಿಯೋನೆಟ್ಟು. ನನ್ನ ಹಂಡೆಯನ್ನು ಬ್ಯಾಂಡಿನಿಂದ ಆಚೆ ಹಾಕಬೇಕೆಂಬುದು ಅವರ ಬಹಳ ದಿನದ ಆಸೆ. ಸತ್ತರೂ ಹೋಗುವುದಿಲ್ಲ ಎಂಬುದು ನನ್ನ ಹಟ. ಕೆಳಗೆ ಹೇಳುವುದೆಲ್ಲ ಆ ಜಗಳದ ಕಥೆಯೇ.

ದಂಟಿನ ಸೊಪ್ಪು

ಕೊರವಂಗಲದಲ್ಲಿ ಒಂದು ಮದುವೆ. ಬಸ್ಸಿನಲ್ಲಿ ಜನ ಒಬ್ಬರ ಮೇಲೊಬ್ಬರು. ನಾನು ವಾದ್ಯವನ್ನು ತೊಡೆಯ ಮೇಲೆ ಬಾಯಿ ಮೇಲಾಗಿ ಕೂರಿಸಿಕೊಂಡು, ಕಿಟಕಿಗೆ ತಲೆ ಕೊಟ್ಟು ತೂಕಡಿಸಿದೆ. ಪಕ್ಕದಲ್ಲಿ ಒಬ್ಬರು ಅಜ್ಜಿ, ಅವರ ಸುತ್ತ ಗಂಟುಮೂಟೆ. ನಾನು ಕಣ್ಣು ಬಿಡುವ ಹೊತ್ತಿಗೆ ಅಜ್ಜಿ ಇಳಿದು ಹೋಗಿದ್ದರು.

ಮದುವೆ ಮನೆ ಮುಂದೆ ಸಾಲಾಗಿ ನಿಂತು ಶುರು ಮಾಡಿದೆವು. ನನ್ನ ವಾದ್ಯದಿಂದ 'ಬೊಂ' ಬರಬೇಕಾದ ಕಡೆ 'ಬ್ಬು... ಬ್ಬು...' ಎಂದು ಬರುತ್ತಿದೆ. ಮಾಸ್ಟ್ರು ಹಾಡು ನಿಲ್ಲಿಸಿ ಹಿಂದಕ್ಕೆ ತಿರುಗಿದರು.

"ಏನ್ಲಾ ಅದು, ಅಂಡೆಗೆ ನೆಗಡಿ ಬಂದೈತಾ?"

ವಾದ್ಯವನ್ನು ಬೋರಲು ಹಾಕಿ ಅಲ್ಲಾಡಿಸಿದೆ. ಒಂದು ಕಟ್ಟು ದಂಟಿನ ಸೊಪ್ಪು, ಅದರ ಹಿಂದೆ ಒಂದು ಹಿಡಿ ಹಸಿ ಮೆಣಸಿನಕಾಯಿ ನೆಲಕ್ಕೆ ಬಿದ್ದವು. ಬಸ್ಸಿನ ಆ ಮಹಾತಾಯಿ ಖಾಲಿ ಪಾತ್ರೆ ಎಂದುಕೊಂಡು ಅದರೊಳಗಿಟ್ಟು, ಇಳಿಯುವಾಗ ಮರೆತಿದ್ದಳು. ಚಪ್ಪರದ ತುಂಬಾ ನಗು. ಮಾಸ್ಟ್ರು ಹೆಣ್ಣಿನ ಕಡೆಯವರಿಗೆಲ್ಲ ಕೇಳುವ ಹಾಗೆ ಹೇಳಿದರು: "ಇಷ್ಟು ವರ್ಸಕ್ಕೆ ನಿನ್ನ ಅಂಡೆಯಿಂದ ಒಂದು ಉಪ್ಯೋಗ ಆಯ್ತು ಕಣ್ಲಾ. ಎತ್ಕೊಂಡೋಗಿ ಅಡುಗೆಯೋರಿಗೆ ಕೊಡು."

ನನಗೆ ಮೈ ಉರಿದುಹೋಯಿತು. "ಕೊಡ್ತೀನಿ ಮಾಸ್ಟ್ರೇ," ಎಂದೆ, "ನಿಮ್ಮ ಕ್ಲಾರಿಯೋನೆಟ್ನಾಗೆ ಒಂದು ಬೆಂಡೆಕಾಯಿನೂ ಇಡಿಯಕಿಲ್ಲವಲ್ಲಾ!"

ಆಷಾಢದ ಕಛೇರಿ

ಆಷಾಢದಲ್ಲಿ ಮದುವೆಗಳಿಲ್ಲ, ಬ್ಯಾಂಡಿನವರಿಗೆ ಕೆಲಸವಿಲ್ಲ. ಆಗ ನಾವು ನಾಲ್ಕು ಜನ ಬೇಸಿನವರು ಹೊಳೆನರಸೀಪುರದಲ್ಲಿ ಸೇರುತ್ತಿದ್ದೆವು. ನಾಲ್ಕು ಊರು, ನಾಲ್ಕು ಬ್ಯಾಂಡು, ನಾಲ್ಕು ಹಂಡೆ. ನರಸೀಪುರದವರು ದರ್ಜಿ, ಮದುವೆ ಕಾಲದಲ್ಲಿ ಊದುತ್ತಿದ್ದರು, ಮಿಕ್ಕ ಕಾಲದಲ್ಲಿ ಹೊಲಿಯುತ್ತಿದ್ದರು. ಅವರ ಅಂಗಡಿಯಲ್ಲಿ ಹೊಲಿಗೆ ಮಿಷನ್ನಿನ ಪಕ್ಕ ಒಂದು ಗ್ರಾಮಫೋನು ಇತ್ತು. ಅರಕಲಗೂಡಿನವರು ನಮಗೆಲ್ಲ ಹಿರಿಯರು, ಮುಂಗೋಪಿ. ಚನ್ನರಾಯಪಟ್ಟಣದವರು ದೇಹದಲ್ಲಿ ವಾದ್ಯಕ್ಕಿಂತ ಸಣ್ಣವರು, ಊದುತ್ತಾ ಬಂದರೆ ವಾದ್ಯವೇ ನಡೆದುಕೊಂಡು ಬಂದ ಹಾಗೆ ಕಾಣುತ್ತಿತ್ತು.

ಎಲ್ಲರೂ ತಮ್ಮ ಮೆಚ್ಚಿನ ಪ್ಲೇಟುಗಳನ್ನು ಪಂಚೆಯಲ್ಲಿ ಸುತ್ತಿಕೊಂಡು ತರುತ್ತಿದ್ದೆವು. ನಮಗೆ ಬೇಕಾಗಿದ್ದದ್ದು ಹಾಡಲ್ಲ. ಹಾಡುವವರು ಗಂಡಸೋ ಹೆಂಗಸೋ ಎಂದು ಕೇಳಿದರೂ ನಮ್ಮಲ್ಲಿ ಒಮ್ಮತವಿರುತ್ತಿರಲಿಲ್ಲ. ನಮಗೆ ಬೇಕಾಗಿದ್ದದ್ದು ಆ ಹಾಡಿನ ಅಡಿಯಲ್ಲಿ ಯಾರೋ ಪುಣ್ಯಾತ್ಮ 'ಬೊಂ' ಎನ್ನುತ್ತಿದ್ದನಲ್ಲ, ಅವನು. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಪ್ಲೇಟಿನ ಮೇಲೆ ಅವನ ಹೆಸರನ್ನು ಅಚ್ಚು ಹಾಕಿದವರಿಲ್ಲ. ನಾವು ನಾಲ್ಕು ಜನವಾದರೂ ಅವನನ್ನು ಕೇಳಬೇಕು ಎಂಬುದು ನಮ್ಮ ನೇಮ.

ಗ್ರಾಮಫೋನಿನಲ್ಲಿ ಬೇಸ್ ಕೇಳಿಸುವುದೇ ಕಷ್ಟ. ಅದಕ್ಕೆ ಸರದಿಯ ಮೇಲೆ ಒಬ್ಬೊಬ್ಬರೂ ಅದರ ಕಹಳೆಯೊಳಗೆ ತಲೆ ತೂರಿಸುತ್ತಿದ್ದೆವು. ಒಳಗಿದ್ದವನು ಬಡಿತ ಬಂದಾಗಲೆಲ್ಲ ಕೈ ಎತ್ತಬೇಕು. ಹೊರಗಿದ್ದವರು ಅದಕ್ಕೆ ತಲೆದೂಗಬೇಕು.

ಒಂದು ದಿನ ರವಿಕೆ ಹೊಲಿಸಲು ಒಬ್ಬ ಹೆಂಗಸು ಬಂದಳು. ಅರಕಲಗೂಡಿನವರು ಕಹಳೆಯೊಳಗೆ ಭುಜದವರೆಗೂ ಇಳಿದು ಒಂದು ಕೈ ಎತ್ತುತ್ತಾ ಇಳಿಸುತ್ತಾ ಇದ್ದಾರೆ. ಮೂರು ಜನ ಗಂಡಸರು ಕಣ್ಣು ಮುಚ್ಚಿ ತಲೆದೂಗುತ್ತಿದ್ದೇವೆ. ಅವಳು ಬಟ್ಟೆ ಕೆಳಗಿಟ್ಟು ಕೂಗಿಕೊಂಡಳು: "ಅಯ್ಯೋ, ಕಾಪಾಡ್ರಪ್ಪೋ! ಕೈ ಬಡ್ಕೊಂತಾವ್ರೆ, ನೀವು ನೋಡ್ಕೊಂಡು ಕುಂತಿದೀರಲ್ಲಾ!"

ಹೊರಗೆ ಎಳೆದ ಮೇಲೆ ಅರಕಲಗೂಡಿನವರಿಗೆ ಎಲ್ಲಿಲ್ಲದ ಕೋಪ. "ತಾಯಿ, ಒಳ್ಳೇ ಜಾಗ ಬಂದಿತ್ತು. ಇನ್ನೊಂದು ಗಳಿಗೆ ತಡೆದು ಕಾಪಾಡಿದ್ರೆ ನಿಮ್ಮ ಗಂಟೇನು ಓಗ್ತಿತ್ತು?"

ಕಳುವಾದ ಬೇಸ್

ಅದೇ ಅರಕಲಗೂಡಿನವರಿಗೆ ಒಂದು ಪ್ಲೇಟು ಎಂದರೆ ಪ್ರಾಣ. ಅದರಲ್ಲಿ ಯಾರೋ ಒಬ್ಬಾಕೆ ಹಾಡುತ್ತಿದ್ದಳು. ಎರಡನೇ ಚರಣದಲ್ಲಿ ಬೇಸ್ ಮೆಲ್ಲಗೆ ಕೆಳಕ್ಕೆ ಇಳಿದು, ಕೊನೆಗೆ ಭಾರವಾಗಿ ನರಳಿದ ಹಾಗೆ ಎಳೆಯುತ್ತಿತ್ತು. "ಕೇಳ್ರಲಾ, ಎಂಥಾ ಉಸುರು!" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ವರ್ಷಗಟ್ಟಲೆ ಅಭ್ಯಾಸ ಮಾಡಿ ಆ ನರಳಾಟವನ್ನು ತಾವೂ ಕಲಿತು, ಅರಕಲಗೂಡು ತಾಲ್ಲೂಕಿನ ಮದುವೆಗಳಲ್ಲೆಲ್ಲ ನುಡಿಸಿ ಹೆಸರು ಮಾಡಿದ್ದರು.

ಒಂದು ಆಷಾಢದಲ್ಲಿ ನರಸೀಪುರದವರು ಗ್ರಾಮಫೋನಿಗೆ ಹೊಸ ಸ್ಪ್ರಿಂಗು ಹಾಕಿಸಿ, ಎಣ್ಣೆ ಬಿಡಿಸಿ ಸಿದ್ಧಮಾಡಿದ್ದರು. ಪ್ಲೇಟು ಹಾಕಿದೆವು. ಆಕೆ ಹಾಡಿದಳು. ಎರಡನೇ ಚರಣ ಬಂತು, ಹೋಯಿತು. ಬೇಸ್ ಇಲ್ಲ! ಮತ್ತೆ ಹಾಕಿದೆವು. ಇಲ್ಲ. ಅರಕಲಗೂಡಿನವರ ಮುಖ ಬಿಳಿಚಿಕೊಂಡಿತು. "ಯಾವನಲಾ ನನ್ನ ಪ್ಲೇಟು ಬದಲಾಯ್ಸಿದೋನು?" ಎಂದು ನಮ್ಮ ಮೂವರ ಪಂಚೆಗಳನ್ನೂ ಝಾಡಿಸಿ ನೋಡಿದರು.

ಕೊನೆಗೆ ವಿಷಯ ತಿಳಿಯಿತು. ಪ್ಲೇಟಿನಲ್ಲಿ ಬೇಸ್ ಇರಲೇ ಇಲ್ಲ. ಅವರು ಅಷ್ಟು ವರ್ಷ ಗುರು ಎಂದು ಕೈಮುಗಿದದ್ದು ಹಳೇ ಸ್ಪ್ರಿಂಗು ಸುಸ್ತಾಗಿ ನರಳುತ್ತಿದ್ದ ಸದ್ದಿಗೆ. ನಾವು ನಗು ತಡೆಯಲಾರದೆ ಬಟ್ಟೆಯ ರಾಶಿಯಲ್ಲಿ ಮುಖ ಮುಚ್ಚಿಕೊಂಡೆವು. ಬೇರೆಯವರಾಗಿದ್ದರೆ ನಾಚಿಕೆಯಿಂದ ಊರು ಬಿಡುತ್ತಿದ್ದರು. ಅವರು ಎದ್ದು ನಿಂತು ಅಂಗವಸ್ತ್ರ ಕೊಡವಿ ಕೇಳಿದರು: "ನಗ್ರಿ, ನಗ್ರಿ. ಸ್ಪ್ರಿಂಗು ಆದ್ರೇನು? ಒಂದಿನ ತಾಳ ತಪ್ಪಿತ್ತಾ? ಮೊದ್ಲು ಆ ಹಳೇದನ್ನ ಎಲ್ಲಿ ಬಿಸಾಕಿದೀರ, ಅದ ಏಳಿ!"

ಪೀಠಿಕೆ

ನನಗೆ ಹೆಣ್ಣು ನೋಡಲು ಬಾಗೂರಿಗೆ ಹೋಗಿದ್ದೆವು. ಉಪ್ಪಿಟ್ಟು ಆಯಿತು, ಹುಡುಗಿಯನ್ನು ಕರೆದು ಕೂರಿಸಿ ಹಾಡು ಹೇಳಿಸಿದರು. ಪಾಪ, ಅವಳಿಗೆ ಗಾಬರಿ. ದೇವರ ನಾಮ ಹೇಳುತ್ತಾ ಹೇಳುತ್ತಾ ತಾಳ ಬಿಟ್ಟು ಓಟ ಕಿತ್ತಳು. ನನಗೆ ಅಭ್ಯಾಸಬಲ, ಯಾರಾದರೂ ಓಡಿದರೆ ಹಿಂದಿನಿಂದ ಹಿಡಿಯಲೇಬೇಕು. ಬಾಯಿ ಮುಚ್ಚಿಕೊಂಡೇ ಗಂಟಲಲ್ಲಿ 'ಬೊಂ... ಬೊಂ...' ಎಂದು ಕೊಟ್ಟೆ. ಅವಳು ಒಂದು ಸಲ ತಲೆ ಎತ್ತಿ ನೋಡಿ, ನನ್ನ ಬೊಂಗೆ ಸರಿಯಾಗಿ ಹಾಡು ಮುಗಿಸಿ ಒಳಗೆ ಹೋದಳು. ಹುಡುಗಿಯ ತಾತ ನನ್ನ ಸೋದರಮಾವನ ಕಿವಿಯಲ್ಲಿ ಕೇಳಿದರು: "ಉಡುಗನಿಗೆ ಒಟ್ಟೆಗಿಟ್ಟೆ ಸರಿ ಇಲ್ವಾ?"

ಸೋದರಮಾವ ಅವಮಾನ ತಡೆಯಲಾರದೆ, "ಇಲ್ಲ ಇಲ್ಲ, ಅವನು ಬ್ಯಾಂಡಿನಾಗವ್ನೆ, ಸಂಗೀತ ಬತ್ತದೆ," ಎಂದುಬಿಟ್ಟರು. ಹಾಗಾದರೆ ಹುಡುಗನೂ ಒಂದು ಹಾಡು ಹೇಳಲಿ ಎಂದು ಎಲ್ಲರೂ ಹಿಡಿದುಕೊಂಡರು. ನಾನು ಹಿಂಜರಿಯಲಿಲ್ಲ. ನನಗೆ ತುಂಬಾ ಇಷ್ಟವಾದ ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೂ, ಚರಣ ಪಲ್ಲವಿ ಒಂದೂ ಬಿಡದೆ, ಬೇಸಿನಲ್ಲೇ ಹೇಳಿದೆ. ಬೊಂ, ಬೊಂ, ಸ್ವಲ್ಪ ಬಿಡುವು, ಮತ್ತೆ ಬೊಂ. ಮುಗಿಸಿ ಬೆವರು ಒರೆಸಿಕೊಂಡೆ.

ತಾತ ಗಂಟಲು ಸರಿಮಾಡಿಕೊಂಡು ಹೇಳಿದರು: "ಪೀಠಿಕೆ ಚೆನ್ನಾಗಿತ್ತು ಕಣಪ್ಪ. ಈಗ ಆಡು ಸುರು ಮಾಡು."

ಒಳಗಿನಿಂದ ಕಿಸಕ್ಕನೆ ನಕ್ಕವಳೇ ನನ್ನ ಹೆಂಡತಿಯಾದಳು. ಯಾಕೆ ಒಪ್ಪಿದೆ ಎಂದು ಆಮೇಲೆ ಕೇಳಿದ್ದಕ್ಕೆ, "ಬಂದೋರೆಲ್ಲ ನನ್ನ ಆಡಿಗೆ ತಲೆದೂಗ್ಬುಟ್ಟು ಓದ್ರು. ನೀವೊಬ್ಬರೇ ನಾನು ಬೀಳದಂಗೆ ಇಡ್ಕಂಡಿದ್ದು," ಎಂದಳು. ಅಂದಿನಿಂದ ಇಂದಿನವರೆಗೂ ಮನೆಯಲ್ಲಿ ಹಾಡು ಅವಳದು, ಪೀಠಿಕೆ ನನ್ನದು.

ಗ್ಯಾಸ್‌ಲೈಟು

ಮಾಸ್ಟ್ರ ಮಗಳಿಗೆ ಮದುವೆ ಗೊತ್ತಾಯಿತು. ಗಂಡಿನವರು ಚನ್ನರಾಯಪಟ್ಟಣದಲ್ಲಿ ಜವಳಿ ಅಂಗಡಿ ಇಟ್ಟ ಸ್ಥಿತಿವಂತರು. ಬೀಗರ ಎದುರಿಗೆ ಮಿಂಚಬೇಕು ಎಂದು ಮಾಸ್ಟ್ರು ಮೈಸೂರಿನ ಕಡೆಯಿಂದ ಹೊಸದಾಗಿ ಇಬ್ಬರು ಟ್ರಂಪೆಟ್ಟಿನವರನ್ನು ಕರೆಸಿದರು. ಆಮೇಲೆ ನನ್ನನ್ನು ಕರೆದರು.

"ನೋಡಪ್ಪಾ, ನನ್ನ ಮಗಳ ಮದ್ವೆಯಾಗೆ ಅಂಡೆ ಬ್ಯಾಡ. ಮದ್ವೆಯಾಗೇನು, ಇನ್ನು ಮುಂದಕ್ಕೂ ಬ್ಯಾಡ. ಅದಿದ್ರೂ ಒಂದೇ ಇಲ್ದಿದ್ರೂ ಒಂದೇ, ಯಾರಿಗೂ ಕೇಳ್ಸಕಿಲ್ಲ."

"ಕೇಳ್ಸಕಿಲ್ಲ ಅಂದ್ರೆ ಇಲ್ಲ ಅಂತಲಾ ಮಾಸ್ಟ್ರೇ?"

"ವಾದ ಮಾಡ್ಬ್ಯಾಡ. ನಿನ್ನ ಕೈ ಬುಡಕಿಲ್ಲ ನಾನು. ಮೆರವಣಿಗೆಯಾಗೆ ಗ್ಯಾಸ್‌ಲೈಟ್ ಇಡ್ಕಂಡು ಬಾ."

ಬ್ಯಾಂಡಿನಲ್ಲಿ ಊದಿದ ಮನುಷ್ಯನಿಗೆ ತಲೆ ಮೇಲೆ ಗ್ಯಾಸ್‌ಲೈಟ್ ಹೊತ್ತುಕೋ ಎನ್ನುವುದು! ದೀಪ ಹೊರುವವರ ಬಗ್ಗೆ ನನಗೆ ಸಸಾರವಿಲ್ಲ. ಅವರನ್ನೂ ನಾನು ಬ್ಯಾಂಡಿನವರೆಂದೇ ಎಣಿಸುತ್ತಿದ್ದೆ. ಆದರೆ ನನ್ನ ಉಸಿರು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದರಲ್ಲ, ಅದು ಎದೆಗೆ ನಾಟಿತು. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದೆ. ಹೆಂಡತಿ ತಟ್ಟೆ ತಂದಿಟ್ಟು ಹೇಳಿದಳು: "ಮದ್ವೆಗೆ ಓಗಿ. ಅದನ್ನೂ ಎತ್ಕಂಡು ಓಗಿ. ಊದದಿದ್ರೆ ಬುಡಿ, ಮನೇಲಿ ಮಾತ್ರ ಬುಟ್ಟು ಓಗ್ಬೇಡಿ."

ಬಸ್ಸಿನವರ ಕೈಲಿ ಮೂರು ಊರಿಗೂ ಸುದ್ದಿ ಕಳಿಸಿದೆ. ಮೂವರೂ ತಂತಮ್ಮ ವಾದ್ಯ ಹೊತ್ತುಕೊಂಡು ಬಂದರು. ಇವತ್ತು ಹಾಸನದ ಬೇಸ್ ಹೋದರೆ ನಾಳೆ ಮಿಕ್ಕ ಮೂರು ಊರಿನದೂ ಹೋಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ನಾಲ್ಕು ಜನವೂ ವಾದ್ಯ ತೊಟ್ಟು ಚಪ್ಪರದ ಬಾಗಿಲಲ್ಲಿ ನಿಲ್ಲುವುದು, ಒಂದು ಬೊಂ ಕೂಡ ಊದದಿರುವುದು, ಮಾಸ್ಟ್ರ ಕೈಯಿಂದ ಏನನ್ನೂ ಮುಟ್ಟದಿರುವುದು ಎಂದು ಗೊತ್ತುಮಾಡಿದೆವು. ಅಲ್ಲೊಂದು ತೊಡಕು ಬಂತು. ಚನ್ನರಾಯಪಟ್ಟಣದವರು ಮೆಲ್ಲಗೆ ಕೇಳಿದರು: "ಊಟನೂ ಬ್ಯಾಡ್ವಾ? ಒಬ್ಬಟ್ಟು ಮಾಡ್ಸವ್ರಂತೆ."

ತುಂಬಾ ಹೊತ್ತು ಚರ್ಚೆಯಾಯಿತು. ಕೊನೆಗೆ ಅರಕಲಗೂಡಿನವರು ತೀರ್ಪು ಕೊಟ್ಟರು: "ಊಟ ಅನ್ನೋದು ಅನ್ನಪೂರ್ಣಮ್ಮಂದು, ಅದರ ಮೇಲೆ ಸಿಟ್ಟು ತೋರ್ಸಬಾರ್ದು. ತಾಂಬೂಲ ಮಾಸ್ಟ್ರುದು. ಅದನ್ನ ಮುಟ್ಟೋದು ಬ್ಯಾಡ."

ತಾಂಬೂಲ

ಗಂಡಿನವರನ್ನು ಹಾಸನದಲ್ಲಿ ಛತ್ರದಿಂದ ಎರಡು ಬೀದಿ ಆಚೆ ಒಂದು ಬಿಡದಿಯಲ್ಲಿ ಇಳಿಸಿದ್ದರು. ಸಂಜೆ ಅಲ್ಲಿಂದ ಛತ್ರಕ್ಕೆ ಮೆರವಣಿಗೆ. ಚಪ್ಪರದ ಬಾಗಿಲು ಬಿಟ್ಟು ನಾವು ಬಿಡದಿಯ ಬಾಗಿಲಿಗೇ ಹೋಗಿ ನಾಲ್ಕು ಹಂಡೆ ತೊಟ್ಟು ಕಂಬಗಳ ಹಾಗೆ ನಿಂತೆವು. ಒಬ್ಬಟ್ಟು ಆಗಲೇ ಹೊಟ್ಟೆ ಸೇರಿತ್ತು.

ಮಾಸ್ಟ್ರದು ಒಂದು ಕಟ್ಟುನಿಟ್ಟು ಇತ್ತು. ಊದುವ ಮುಂಚೆ ಬ್ಯಾಂಡಿನವರು ಯಾರೂ ಎಲೆಯಡಿಕೆ ಮುಟ್ಟಬಾರದು. ಮುಟ್ಟಿದರೆ ಬೆತ್ತದ ಏಟು. ಆದರೆ ಅವತ್ತು ಅವರು ಮಾಸ್ಟ್ರಲ್ಲ, ಹೆಣ್ಣಿನ ತಂದೆ. ಬೀಗರು ನೋಡುತ್ತಿದ್ದಾರೆಂಬ ಸಂಭ್ರಮದಲ್ಲಿ, ಹೆಂಗಸರು ಕೆಲಸದವರಿಗೆಂದು ಬೇರೆಯಾಗಿ ಸುಣ್ಣ ಹಚ್ಚಿ ಮಡಿಚಿಟ್ಟಿದ್ದ ವೀಳ್ಯದ ತಟ್ಟೆಯನ್ನು ಎತ್ತಿಕೊಂಡು ಬಂದು ತಮ್ಮ ಬ್ಯಾಂಡಿನವರಿಗೆ ಒಬ್ಬೊಬ್ಬರಿಗೇ ಹಿಡಿದರು. ಬ್ಯಾಂಡಿನವರು ಮುಖ ಮುಖ ನೋಡಿಕೊಂಡರು. ಹೆಣ್ಣಿನ ತಂದೆ ಕೈಯಾರೆ ಕೊಟ್ಟ ತಾಂಬೂಲ ಬೇಡ ಎಂದರೆ ಅಪಚಾರ. ಎಲ್ಲರೂ ಬಾಯಿಗೆ ಹಾಕಿಕೊಂಡರು.

ತಟ್ಟೆ ನನ್ನ ಮುಂದೆ ಬಂತು. ನಾನು ಕೈ ಹಿಂದೆ ಕಟ್ಟಿಕೊಂಡೆ.

"ತಗೋ," ಎಂದರು ಹಲ್ಲು ಕಚ್ಚಿ.

"ಬ್ಯಾಡಿ ಮಾಸ್ಟ್ರೇ. ಬೇಸಿಗೆ ಜಾಗ ಇಲ್ಲದ ಕಡೆ ನಮ್ಮ ಬಾಯಿಗೂ ಕೆಲ್ಸ ಇಲ್ಲ."

ಮಿಕ್ಕ ಮೂವರೂ ಕೈ ಹಿಂದೆ ಕಟ್ಟಿದರು. ಬೀಗರು ಈ ಕಡೆಯೇ ನೋಡುತ್ತಿದ್ದಾರೆ. ಮಾನ ಉಳಿಸಿಕೊಳ್ಳಲು ಮಾಸ್ಟ್ರು ನಗುನಗುತ್ತಾ, ನಮಗೆ ಹಿಡಿದಿದ್ದ ವೀಳ್ಯವನ್ನು ತಮ್ಮ ಬಾಯಿಗೇ ಹಾಕಿಕೊಂಡು ಚೆನ್ನಾಗಿ ಅಗಿದರು.

ಆಗಿದ್ದದ್ದು ಇಷ್ಟು: ಮದುವೆಗೆಂದು ಮಾಸ್ಟ್ರ ಮನೆಗೆ ಸುಣ್ಣ ಬಳಿಸಿದ್ದರು. ಗಡಿಬಿಡಿಯಲ್ಲಿ ಯಾರೋ ಪುಣ್ಯಾತ್ಗಿತ್ತಿ ಗೋಡೆಗೆ ಕಲಸಿ ಉಳಿದಿದ್ದ ಮಡಕೆಯಿಂದಲೇ ಎಲೆಗೆ ಸುಣ್ಣ ಬಳಿದಿದ್ದಳು, ಅದೂ ಧಾರಾಳವಾಗಿ.

ವರ ಕಾರು ಹತ್ತಿದ. ಬ್ಯಾಂಡಿನವರು ವಾದ್ಯ ಎತ್ತಿದರು. 'ಫುಸ್' ಎಂದಿತು ಒಂದು ಟ್ರಂಪೆಟ್ಟು. 'ಫುಸ್' ಎಂದಿತು ಇನ್ನೊಂದು. ಮೈಸೂರಿನ ಕಡೆಯವರಿಬ್ಬರೂ ವಾದ್ಯ ಬಿಟ್ಟು ನಾಲಗೆ ಹೊರಗೆ ಹಾಕಿ ಕುಣಿಯುತ್ತಿದ್ದರು. ಅವತ್ತು ಮಾಸ್ಟ್ರ ಬದಲು ಕ್ಲಾರಿಯೋನೆಟ್ಟು ಹಿಡಿದಿದ್ದವನು ನೀರಿನ ಕೊಳಗಕ್ಕೆ ಮುಖವಿಟ್ಟಿದ್ದ. ಡೋಲು ಬಡಿಯುವವನೂ ಬಾಯಿ ಹಿಡಿದುಕೊಂಡು ಕೂತಿದ್ದ, ಅವನಿಗೆ ಊದುವ ಕೆಲಸವೇ ಇರದಿದ್ದರೂ.

"ಏನ್ ಬೀಗ್ರೇ, ಬ್ಯಾಂಡ್ ಬಾರ್ಸಕಿಲ್ವಾ? ವೇಳೆ ಮೀರ್ತದೆ," ಎಂದು ವರನ ತಂದೆ ಕೂಗಿದರು.

ಮಾಸ್ಟ್ರು ನಮ್ಮ ಹತ್ತಿರ ಓಡಿಬಂದರು. ಕಣ್ಣಲ್ಲಿ ನೀರು, ಬಾಯಲ್ಲಿ ಉರಿಗೆಂದು ಯಾರೋ ಸುರಿದ ಕೊಬ್ಬರಿ ಎಣ್ಣೆ. ಮಾತು ಹೊರಡದು. ಒಂದು ಕೈಯಲ್ಲಿ ನನ್ನ ಹಂಡೆ ತೋರಿಸಿದರು, ಇನ್ನೊಂದು ಕೈಯಲ್ಲಿ ವರನನ್ನು ತೋರಿಸಿದರು. ಆಮೇಲೆ ಎರಡೂ ಕೈ ಜೋಡಿಸಿದರು.

ನನಗೆ ಕನಿಕರವಾಯಿತು. ಆದರೆ ಹಟ ಅದಕ್ಕಿಂತ ದೊಡ್ಡದು. "ಇನ್ನು ಮೇಲೆ ಬ್ಯಾಂಡಿನಾಗೆ ಬೇಸ್ ಇರ್ತದಾ?" ಎಂದೆ. ತಲೆ ಆಡಿಸಿದರು. "ಮುಂದಿನ ಸಾಲ್ನಾಗೆ?" ಆಡಿಸಿದರು. "ಅಂಡೆ ಅನ್ಬಾರ್ದು," ಎಂದರು ನರಸೀಪುರದವರು. ಅದಕ್ಕೂ ಆಡಿಸಿದರು. ಅರಕಲಗೂಡಿನವರು ಮುಂದೆ ಬಂದು, "ನನ್ನ ಹಳೇ ಸ್ಪ್ರಿಂಗು ಉಡ್ಕಿಸಿಕೊಡ್ಬೇಕು," ಎಂದರು. ಯಾವ ಸ್ಪ್ರಿಂಗೆಂದು ಮಾಸ್ಟ್ರಿಗೆ ತಿಳಿಯಲಿಲ್ಲ. ಪಾಪ, ಅದಕ್ಕೂ ತಲೆ ಆಡಿಸಿದರು. ಬೇಡ ಎನ್ನುವುದಕ್ಕೆ ನಾಲಗೆಯೇ ಇರಲಿಲ್ಲವಲ್ಲ.

ನಾಲ್ಕು ಬೇಸ್ ಒಟ್ಟಿಗೆ ಎದ್ದವು. ಬೊಂ! ಬೀದಿಯ ಹೆಂಚು ಅದುರಿತು. ಕಾರು ಹೊರಟಿತು, ಜನ ಹೊರಟರು. ಒಂದಷ್ಟು ದೂರ ಹೋದ ಮೇಲೆ ವರನ ತಂದೆ ನನ್ನ ಪಕ್ಕಕ್ಕೆ ಬಂದು ಕೇಳಿದರು: "ಎಲ್ಲಾ ಸರಿ, ಆಡು ಯಾವಾಗ ಸುರು?"

ನಮ್ಮ ನಾಲ್ವರಲ್ಲಿ ಒಬ್ಬನಿಗೂ ಹಾಡು ಬರುವುದಿಲ್ಲ! ಗೆದ್ದೆವೆಂದುಕೊಂಡವರು ನಡುಬೀದಿಯಲ್ಲಿ ನಗೆಗೀಡಾಗುತ್ತೇವೆ ಎಂದು ಹೆದರಿದೆ. ಅಷ್ಟರಲ್ಲಿ ಹಿಂದೆ ಕಳಶ ಹಿಡಿದ ಹೆಂಗಸರ ಗುಂಪಿನಿಂದ ಒಂದು ದನಿ ಎದ್ದಿತು. ಆ ದನಿ ನನಗೆ ಗೊತ್ತು. ನನ್ನ ಹೆಂಡತಿ ಸೋಬಾನೆ ಎತ್ತಿಕೊಂಡಿದ್ದಳು. ಗಾಬರಿಗೆ ಮತ್ತೆ ಓಟ ಕಿತ್ತಳು. ನಾಲ್ಕು ಬೇಸ್ ಸೇರಿ ಹಿಡಿದೆವು. ಹೆಂಗಸರೆಲ್ಲ ದನಿಗೂಡಿಸಿದರು. ಬೀದಿಯ ಬಾಗಿಲುಗಳಲ್ಲಿ ನಿಂತಿದ್ದವರೂ ಸೇರಿಕೊಂಡರು. ನನ್ನ ಕಣ್ಣು ತುಂಬಿ ದಾರಿ ಕಾಣಲಿಲ್ಲ, ಆದರೂ ಒಂದು ಹೆಜ್ಜೆ ತಪ್ಪಲಿಲ್ಲ. ಛತ್ರದ ಬಾಗಿಲಲ್ಲಿ ವರನ ಅಜ್ಜಿ ನನ್ನ ಗಲ್ಲ ಹಿಡಿದು, "ಮದ್ವೆ ಮದ್ವೆಗೂ ಆಡ್ತಾನೇ ಬಂದಿವ್ನಿ ಮಗ. ಈ ಪೀಪಿಗಳ ಗಲಾಟೆಯಾಗೆ ನನ್ನ ಆಡು ನನ್ನ ಕಿವಿಗೆ ಬಿದ್ದಿದ್ದು ಇವತ್ತೇ," ಎಂದರು.

ಮಾರನೆಯ ದಿನ ಧಾರೆ ಮುಗಿಯುವ ಹೊತ್ತಿಗೆ ಮಾಸ್ಟ್ರಿಗೆ ಮಾತು ಬಂತು. ಬಂದ ಮೊದಲ ಮಾತೇ ಇದು: "ಲೇ, ನಾನು ಬಾಯಿ ಬುಟ್ಟು ಒಪ್ಪಿಲ್ಲ ಕಣ್ಲಾ. ತಲೆ ಆಡಿಸಿದ್ದು ಉರಿಗೆ."

ನಾನು ಉತ್ತರ ಕೊಡುವ ಮುಂಚೆ ವರನ ತಂದೆ ಬಂದರು. "ಬೀಗ್ರೇ, ನಮ್ಮೂರಿನಾಗೆ ಬೀಗರ ಔತಣಕ್ಕೂ ನಿಮ್ಮ ಬ್ಯಾಂಡೇ ಆಗ್ಬೇಕು. ನಮ್ಮವ್ವ ಅಟ ಇಡಿದವ್ರೆ. ಈ ನಾಲ್ಕು ಜನ ಊದಿದ್ರೆ ಸಾಕು. ಮಿಕ್ಕೋರು ಸುಮ್ಕೆ ಯಾಕೆ ಕುಂತಿರ್ಬೇಕು, ಗ್ಯಾಸ್‌ಲೈಟ್ ಇಡ್ಕಂಡು ಬರ್ಲಿ."

ನಾನು ಪಕ್ಕದಲ್ಲಿದ್ದ ತಟ್ಟೆಯಿಂದ ಒಂದು ವೀಳ್ಯ ಎತ್ತಿ, ಎರಡೂ ಕೈಯಲ್ಲಿ ಮಾಸ್ಟ್ರ ಮುಂದೆ ಹಿಡಿದೆ.

"ತಗೊಳ್ಳಿ ಮಾಸ್ಟ್ರೇ. ಬೀಗರ ಮುಂದೆ ಬ್ಯಾಡ ಅನ್ಬಾರ್ದು. ಸುಣ್ಣ ನಾನೇ ಅಚ್ಚಿವ್ನಿ."